ರೂಪಾಯಿಯ ಬೆಲೆ, ದೇಶದ ಮಾನ
ಡಾಲರಿನೆದುರು ರೂಪಾಯಿ ಇಳಿದಾಗಲೆಲ್ಲ ದೇಶದ ಮಾನವೇ ಹೋಯಿತೆಂಬ ಹುಯಿಲೇಳುತ್ತದೆ. 1948ಕ್ಕೆ ಮುಂಚೆ ನನ್ನೂರು ಹೊಳಲು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೊಳೆಗುಂಟ ಕೆಳಗೆ, ತುಂಗಭದ್ರೆಯಾಚೆಯ ಕೊಪ್ಪಳ ಸೀಮೆ ನಿಜಾಮನದು. ಇಲ್ಲಿ ಬ್ರಿಟಿಷ್ ರೂಪಾಯಿ, ಅಲ್ಲಿ ಹಾಲಿ ಸಿಕ್ಕಾ. ಇಲ್ಲಿಯ 6 ರೂಪಾಯಿಗೆ ಅಲ್ಲಿಯ ಸುಮಾರು 7 ಸಮ. ಹಾಲಿ ಸಿಕ್ಕಾದಲ್ಲಿ ಬೆಳ್ಳಿ ಕಡಿಮೆಯಿದ್ದುದೇ ಅದಕ್ಕೆ ಮೂಲ. ಅಷ್ಟಕ್ಕೇ ಕೊಪ್ಪಳದ ರೈತ ಬಡವನಾಗಲಿಲ್ಲ. ಅವನ ಜೋಳದ ಧಾರಣೆ, ಕೂಲಿ, ಕಂದಾಯಗಳೆಲ್ಲ ಅದೇ ನಾಣ್ಯದಲ್ಲಿದ್ದವು. ದರದ ಬಿಸಿ ತಟ್ಟುತ್ತಿದ್ದುದು ನಾಣ್ಯ ಬದಲಿಸಿ ಹೊಳೆಯಾಚೆ ಕೊಳ್ಳಬೇಕಾದವನಿಗೆ.

1966ರ ಜೂನ್‌ನಲ್ಲಿ ಡಾಲರಿನ ದರ 4.76 ರೂಪಾಯಿಯಿಂದ 7.50ಕ್ಕೇರಿದಾಗಲೂ ಅಷ್ಟೇ: ಬರಗಾಲದಲ್ಲಿ ನಾವು ಹೊರಗಿನ ಧಾನ್ಯಕ್ಕೆ ಕೈಯೊಡ್ಡಿದ್ದೆವು. ಇಂದು ತೈಲಕ್ಕೂ ಗೊಬ್ಬರಕ್ಕೂ ಒಡ್ಡುತ್ತಿದ್ದೇವೆ. ಆದ್ದರಿಂದ ರೂಪಾಯಿ ಎಷ್ಟಿಳಿಯಿತೆಂದು ಮರುಗುವ ಬದಲು, ಆ ಹೊರೆ ಯಾರ ಹೆಗಲೇರಿತೆಂದು ಸರ್ಕಾರವನ್ನು ಕೇಳೋಣ.