ಬೀಜದ ಪ್ಯಾಕೆಟ್ಟಿನ ಜೊತೆ ಬಂದ ಸಣ್ಣ ಪೊಟ್ಟಣ

ಗ್ಲೋಬಲೈಸೇಶನ್ ಅಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ನೆನಪಾಗೋದು ಎಲೆಕ್ಟ್ರಾನಿಕ್ ಸಿಟಿ, ವೀಸಾ, ರಾತ್ರಿ ಪಾಳಿಯ ಕ್ಯಾಬು. ಟೆಕ್ನಾಲಜಿ ಅಂದರೆ ಕೋಡಿಂಗು. ಮೌಲ್ಯ ಅಂದರೆ ಪ್ರೊಫೆಷನಲ್ ಎಥಿಕ್ಸ್ ಪೇಪರು, ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಮರೆಯುವಂಥದ್ದು. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಬಂದ ನಮ್ಮಂಥ ಕೆಲವರಿಗೆ ಮಾತ್ರ ಈ ಮೂರೂ ಒಂದೇ ಕಡೆ ಕಾಣುತ್ತವೆ. ಅದು ಹತ್ತಿ ಹೊಲ.

ಜಗತ್ತು ನಮ್ಮೂರಿಗೆ ಬಂದದ್ದು ಮೊನ್ನೆ ಮೊಬೈಲ್ ಟವರ್ ಜೊತೆಗಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಇತ್ತ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು, ಯುದ್ಧ ಮುಗಿದ ಮೇಲೆ ಬಿತ್ತು. 1871ರಲ್ಲಿ ಮುಂಬಯಿಯಿಂದ ಬಂದ ರೈಲು ಹಾದಿಯೂ ಮದ್ರಾಸಿನಿಂದ ಬಂದ ಹಾದಿಯೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಸ್ಟೇಷನ್ ಇರೋದು ಅದೇ ಹಾದಿಯಲ್ಲಿ. (ಶಹಾಪುರ, ಸುರಪುರಕ್ಕೆ ಇವತ್ತಿಗೂ ರೈಲಿಲ್ಲ, ಅದು ಬೇರೆ ಮಾತು.)

ಈಗ ವಿಷಯಕ್ಕೆ ಬರೋಣ. 2002ರ ಮಾರ್ಚ್‌ನಲ್ಲಿ ಭಾರತ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿ ಗಿಡಕ್ಕೆ ಸೇರಿಸಿದ ಬೀಜ ಅದು. ಗಿಡವೇ ಹುಳಕ್ಕೆ ವಿಷ. 2006ರಲ್ಲಿ ಎರಡು ಜೀನಿನ ಬೊಲ್‌ಗಾರ್ಡ್-2 ಬಂತು. ಒಂದು ಮಾತು ಒಪ್ಪಲೇಬೇಕು: ಮೊದಲ ವರ್ಷಗಳಲ್ಲಿ ಅದು ಕೆಲಸ ಮಾಡಿತು. ಕಾಯಿಕೊರಕಕ್ಕೆ ವಾರ ವಾರ ಎಣ್ಣಿ ಹೊಡೆಯೋದು ಕಡಿಮೆಯಾಯಿತು. ಬಿಟಿಯನ್ನು ಬೈಯುವವರು ಇದನ್ನು ಹೇಳುವುದಿಲ್ಲ, ಹೊಗಳುವವರು ಮುಂದಿನದನ್ನು ಹೇಳುವುದಿಲ್ಲ.

ಮುಂದಿನದು ಏನೆಂದರೆ, ಆ 450 ಗ್ರಾಂ ಬೀಜದ ಪ್ಯಾಕೆಟ್ಟಿನ ಜೊತೆ 120 ಗ್ರಾಮಿನ ಇನ್ನೊಂದು ಸಣ್ಣ ಪೊಟ್ಟಣ ಕೊಡುತ್ತಿದ್ದರು. ಅದರಲ್ಲಿ ಇದ್ದದ್ದು ಬಿಟಿ ಅಲ್ಲದ ಸಾದಾ ಹತ್ತಿ ಬೀಜ. ಹೊಲದ ಸುತ್ತ ಐದು ಸಾಲು, ಇಲ್ಲವೇ ಹೊಲದ ಶೇ. 20ರಷ್ಟು, ಯಾವುದು ಹೆಚ್ಚೋ ಅಷ್ಟು ಸಾದಾ ಹತ್ತಿ ಹಾಕಬೇಕೆಂದು ನಿಯಮ. ಯಾಕೆ? ಲಕ್ಷಾಂತರ ಹುಳಗಳಲ್ಲಿ ಒಂದೋ ಎರಡೋ ಬಿಟಿ ವಿಷಕ್ಕೆ ಜಗ್ಗದಂಥವು ಇರುತ್ತವೆ. ಎಲ್ಲಾ ಕಡೆ ಬಿಟಿಯೇ ಇದ್ದರೆ ಬದುಕುಳಿದ ಆ ಜಗ್ಗದ ಪತಂಗಗಳು ತಮ್ಮ ತಮ್ಮಲ್ಲೇ ಕೂಡಿ ಅಂಥದೇ ಮರಿ ಹಾಕುತ್ತವೆ. ಪಕ್ಕದಲ್ಲಿ ಸಾದಾ ಹತ್ತಿ ಇದ್ದರೆ ಅಲ್ಲಿ ಬೆಳೆದ ಸಾವಿರಾರು ಸಾದಾ ಪತಂಗಗಳು ಬಂದು ಕೂಡುತ್ತವೆ, ಹುಟ್ಟಿದ ಮರಿ ಬಿಟಿ ತಿಂದು ಸಾಯುತ್ತದೆ. ಸರಳವಾದ, ಚಂದದ ಲೆಕ್ಕ. ಇಡೀ ತಂತ್ರಜ್ಞಾನ ನಿಂತಿದ್ದೇ ಆ ಪೊಟ್ಟಣದ ಮೇಲೆ.

ಆ ಪೊಟ್ಟಣ ಹಾಕಿದವರು ಅಪರೂಪ. ಗುಲಾಬಿ ಕಾಯಿಕೊರಕ ಮೊದಲು ಗುಜರಾತಿನಲ್ಲಿ ಬಿಟಿಗೆ ಜಗ್ಗದಾಯಿತು, 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಎರಡು ಜೀನಿನ ಬೀಜವೂ ಈ ಹುಳಕ್ಕೆ ಸೋತಿತು. ಈಗ ನಮ್ಮ ಕಡೆ ಬಿಟಿ ಬೀಜಕ್ಕೂ ದುಡ್ಡು, ಎಣ್ಣಿಗೂ ದುಡ್ಡು. ಹೊರಗಿಂದ ನೋಡಿದರೆ ಕಾಯಿ ನೆಟ್ಟಗೇ ಇರುತ್ತದೆ, ಒಡೆದು ನೋಡಿದರೆ ಒಳಗೆ ಗುಲಾಬಿ ಹುಳ, ಕೊಳೆತ ತೊಳೆ.

"ರೈತರೇ ನಿಯಮ ಪಾಲಿಸಲಿಲ್ಲ, ಏನ್ ಮಾಡೋಕಾಗುತ್ತೆ" ಅಂತ ಹೇಳುವವರನ್ನು ನಾವು ಸೆಮಿನಾರುಗಳಲ್ಲಿ ಕೇಳಿದ್ದೇವೆ. ಇದನ್ನು ಒಪ್ಪಲು ನಮಗೆ ಆಗುವುದಿಲ್ಲ. ಕಾರಣವೂ ನಮ್ಮ ಕಡೆಯದೇ. ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಮನೆ ಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ, ಉಣ್ಣುವ ಮೊದಲು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಒಂದು ಪಾಲು, ಹಕ್ಕಿ ಹುಳಕ್ಕೆ ಒಂದು ಪಾಲು. ಹುಳಕ್ಕೂ ಪಾಲು ಕೊಡಬೇಕು ಅನ್ನೋದು ಈ ಮಂದಿಗೆ ಹೊಸ ಮಾತೇನಲ್ಲ. ಆ ಸಣ್ಣ ಪೊಟ್ಟಣ ಅಂದರೆ ಚರಗ ಇದ್ದಂಗ ಅಂತ ಒಬ್ಬರು ಹೇಳಿದ್ದರೂ ಸಾಕಿತ್ತು, ತಿಳಿಯುತ್ತಿತ್ತು. ಹೇಳಬೇಕಾದವರು ಯಾರು? ಬೀಜ ಮಾರುವ ಅಂಗಡಿಯವರು. ಅವರೇ ಎಣ್ಣಿಯನ್ನೂ ಮಾರುವವರು, ಅವರೇ ಉದ್ರಿ ಕೊಡುವವರು.

ಹಾಗಂತ ಚರಗದ ಮಾತು ಹೇಳಿ ಎಲ್ಲಾ ಸಂಸ್ಕೃತಿಗೆ ಬಿಟ್ಟುಬಿಡುವುದೂ ಸರಿಯಲ್ಲ. ಚರಗಕ್ಕೆ ಒಂದು ಬುಟ್ಟಿ ಅಡಿಗೆ ಸಾಕು. ಶೇ. 20 ಹೊಲ ಅಂದರೆ ಐದು ಎಕರೆಯವರಿಗೆ ಪೂರ್ತಿ ಒಂದು ಎಕರೆ. ಅದೂ ಲಾವಣಿ ಹೊಲವಾದರೆ ಆ ಎಕರೆಗೂ ಲಾವಣಿ ಕಟ್ಟಬೇಕು. ಪತಂಗಕ್ಕೆ ಬದು ಗೊತ್ತಿಲ್ಲ. ನಾವು ಹಾಕಿದ ಐದು ಸಾಲಿನ ಲಾಭ ಪಕ್ಕದವರಿಗೂ ಹೋಗುತ್ತದೆ, ಅವರು ಹಾಕದಿದ್ದರೆ ನಷ್ಟ ನಮಗೂ ಬರುತ್ತದೆ. ಹೀಗೆ ಎಲ್ಲರೂ ಕೂಡಿ ಮಾಡಬೇಕಾದ ಕೆಲಸವನ್ನು ಒಂಟಿ ರೈತನ ಪ್ರಾಮಾಣಿಕತೆಗೆ ಬಿಟ್ಟು, ಬೀಜದ ದುಡ್ಡು ಮಾತ್ರ ವರ್ಷ ವರ್ಷ ತಪ್ಪದೆ ಎಣಿಸಿಕೊಂಡದ್ದು ಬಿಸಿನೆಸ್ಸು. ಮೌಲ್ಯದ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಅಲ್ಲಿ ಅಂತ ನಮ್ಮ ಅಭಿಪ್ರಾಯ.

ಪೊಟ್ಟಣ ಹಾಕದಿದ್ದದ್ದು ಒಂದೇ ಕಾರಣ ಅಂತಲೂ ಅಲ್ಲ. ಭಾರತದಲ್ಲಿ ಬಿಟಿಯನ್ನು ಹೆಚ್ಚಾಗಿ ಹೈಬ್ರಿಡ್ ಬೀಜದಲ್ಲೇ ಮಾರಿದರು. ಹೈಬ್ರಿಡ್ ಬೀಜ ಮನೆಯಲ್ಲಿಟ್ಟು ಮರುವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ, ಪ್ರತಿ ವರ್ಷ ಅಂಗಡಿಗೇ ಹೋಗಬೇಕು. ಈ ಹೈಬ್ರಿಡ್ಡುಗಳ ಅವಧಿಯೂ ಉದ್ದ. ಡಿಸೆಂಬರಿಗೆ ಹತ್ತಿ ಕಿತ್ತುಬಿಡಿ ಅಂತ ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಕಾಲುವೆ ನೀರು ಸಿಗುವ ಕಡೆ ಇನ್ನೊಂದು ಬಿಡಿಸು ಬರಲಿ ಅಂತ ರೈತ ಬಿಡುತ್ತಾನೆ, ಹುಳಕ್ಕೆ ಮನೆ ಸಿಗುತ್ತದೆ.

ಇದೇ ಹುಳ, ಇದೇ ಜೀನು, ಬೇರೆ ಕಡೆ ಬೇರೆ ಕತೆ. ಅಮೆರಿಕದ ಅರಿಜೋನಾದಲ್ಲಿ ರೈತರು ವರ್ಷಗಟ್ಟಲೆ ಸಾದಾ ಹತ್ತಿಯ ಪಾಲು ಬಿಟ್ಟರು, 2006ರಿಂದ ಬಂಜೆ ಪತಂಗಗಳನ್ನು ವಿಮಾನದಿಂದ ಬಿಟ್ಟರು, 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಸರ್ಕಾರ ಘೋಷಿಸಿತು. ಅಲ್ಲಿನ ರೈತರು ನಮ್ಮವರಿಗಿಂತ ಒಳ್ಳೆಯವರು ಅಂತಲ್ಲ. ಅಲ್ಲಿ ಹೊಲ ದೊಡ್ಡವು, ತಪಾಸಣೆ ಇತ್ತು, ಖರ್ಚು ಹಂಚಿಕೊಳ್ಳಲು ಸಂಘಟನೆ, ಸರ್ಕಾರ ಎರಡೂ ಇದ್ದವು. ನಮ್ಮಲ್ಲಿ ಬಹಳ ತಡವಾಗಿ, ಸಾದಾ ಬೀಜವನ್ನು ಅದೇ ಪ್ಯಾಕೆಟ್ಟಿನಲ್ಲಿ ಬೆರೆಸಿ ಕೊಡುವ ಪದ್ಧತಿ ಬಂತು.

ಇನ್ನೊಂದು ವಿಷಯ, ಮೆಕ್ಯಾನಿಕಲ್ ಗೆಳೆಯರು ಗಮನಿಸಲಿ. ನಮ್ಮ ಹೈಬ್ರಿಡ್ ಹತ್ತಿ ಪೊದೆಯಂತೆ ಬೆಳೆಯುತ್ತದೆ, ಕಾಯಿ ಒಮ್ಮೆಗೇ ಒಡೆಯುವುದಿಲ್ಲ. ಆದ್ದರಿಂದ ಯಂತ್ರ ನಡೆಯುವುದಿಲ್ಲ, ಕೈಯಿಂದಲೇ ಬಿಡಿಸಬೇಕು. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಕಡೆ ಸರ್ಕಾರಿ ಶಾಲೆಯಲ್ಲಿ ಬೆಂಚು ಖಾಲಿಯಾಗುತ್ತವೆ. ಬೆಳಿಗ್ಗೆ ಟಂಟಂನಲ್ಲಿ ಕೂಲಿಯವರ ಜೊತೆ ತುಂಬಿಕೊಂಡು ಹೋಗುವ ಮಕ್ಕಳನ್ನು ಊರಿಗೆ ಹೋದಾಗ ನಾವೆಲ್ಲ ನೋಡಿದ್ದೇವೆ. ನಮ್ಮ ಜೊತೆ ಏಳನೇ ಇಯತ್ತೆ ಓದಿದವರಲ್ಲಿ ಎಷ್ಟು ಮಂದಿ ಇವತ್ತು ಯಾವ ಕಾಲೇಜಿನಲ್ಲೂ ಇಲ್ಲ ಅನ್ನೋದನ್ನ ಎಣಿಸಲು ನಮಗೇ ಮನಸ್ಸಾಗುವುದಿಲ್ಲ. ಅಂಗಿಯ ಮೇಲೆ ಇದ್ಯಾವುದೂ ಬರೆದಿರುವುದಿಲ್ಲ.

ಬೆಲೆಯ ಮಾತೂ ಅಷ್ಟೇ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ. 50 ಸುಂಕ ಹಾಕಿತು. ಜವಳಿ ಗಿರಣಿಗಳಿಗೆ ಆಸರೆಯಾಗಲೆಂದು ದೆಹಲಿ ಆಮದು ಹತ್ತಿಯ ಮೇಲಿನ ಶೇ. 11 ಸುಂಕವನ್ನು ಡಿಸೆಂಬರ್ ಕೊನೆಯವರೆಗೆ ತೆಗೆದುಹಾಕಿತು. ಸರಿಯಾಗಿ ಅದೇ ತಿಂಗಳುಗಳಲ್ಲಿ ನಮ್ಮ ಹತ್ತಿ ಮಾರುಕಟ್ಟೆಗೆ ಬರುವುದು. ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ ಇತ್ತು ನಿಜ. ಆದರೆ ಅದಕ್ಕೆ ಕಪಾಸ್ ಕಿಸಾನ್ ಆ್ಯಪಿನಲ್ಲಿ ನೋಂದಣಿ ಆಗಬೇಕು, ತೇವಾಂಶ ಶೇ. 12ರೊಳಗೆ ಇರಬೇಕು. ಹತ್ತಿ ಒಣಗಿಸಲು ಅಂಗಳವಿಲ್ಲದವರು, ಉದ್ರಿ ತೀರಿಸುವ ಅವಸರ ಇದ್ದವರು, ಲಾವಣಿ ಹೊಲದವರಾಗಿ ಪಹಣಿಯಲ್ಲಿ ಹೆಸರೇ ಇಲ್ಲದವರು ಅಡತ್ಯಾನ ಹತ್ತಿರವೇ ಹೋಗುತ್ತಾರೆ. ಆ್ಯಪು ಬರೆದವರಿಗೆ ಲಾವಣಿ ಅಂದರೆ ಏನೆಂದು ಗೊತ್ತಿತ್ತೇ? ನಾಳೆ ಇಂಥ ಆ್ಯಪು ಬರೆಯುವವರು ನಾವೇ.

ಅದಕ್ಕೇ ಈ ರಜೆಯಲ್ಲಿ ಒಂದು ಕೆಲಸ ಮಾಡಬೇಕೆಂದು ಸಂಘದಲ್ಲಿ ಮಾತಾಡಿಕೊಂಡಿದ್ದೇವೆ. ಮುಂಗಾರಿಗೆ ಮೊದಲು ಊರಿಗೆ ಹೋಗುವವರು ಬೀಜದ ಪ್ಯಾಕೆಟ್ಟಿನ ಹಿಂಬದಿಯ ಫೋಟೊ ತನ್ನಿ, ಅದರಲ್ಲಿ ಸಾದಾ ಬೀಜದ ಬಗ್ಗೆ ಏನು ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ ನೋಡಿ. ಅಂಗಡಿಯವರಿಗೆ, ಮನೆಯ ಹಿರಿಯರಿಗೆ ಅದು ಯಾಕೆ ಅಂತ ಕೇಳಿ, ಅವರು ಹೇಳಿದ್ದನ್ನು ಹಂಗೇ ಬರೆದುಕೊಳ್ಳಿ. ಮುಂದಿನ ಸಂಚಿಕೆಗೆ ನಮ್ಮ ಕಡೆಯ ಕನ್ನಡದಲ್ಲಿ, ಗೋಡೆಗೆ ಅಂಟಿಸುವಂಥ ಒಂದು ಹಾಳೆ ಮಾಡುವ ಯೋಚನೆ ಇದೆ. ಬಯೋಟೆಕ್ನವರು ಯಾರಾದರೂ ಜೊತೆಗೆ ಬಂದರೆ ಲೆಕ್ಕದ ಭಾಗ ಅವರಿಗೇ ಬಿಡುತ್ತೇವೆ.