ಅಳಿಸಬೇಡಿ, ಉತ್ತರಿಸಿ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹೋಟೆಲು, ವಸತಿಗೃಹ, ಹೋಂಸ್ಟೇ ನಡೆಸುತ್ತಿರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಹಲವರಿದ್ದಾರೆ. ಈಚೆಗೆ ಅವರಲ್ಲಿ ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಮೇಷ್ಟ್ರೇ, ಗೂಗಲ್‌ನಲ್ಲಿ ನಮ್ಮ ಬಗ್ಗೆ ಕೆಟ್ಟದಾಗಿ ಬರೆದಿದ್ದಾರೆ. ದುಡ್ಡು ಕೊಟ್ಟರೆ ತೆಗೆಸಿಕೊಡುತ್ತೇವೆ ಎನ್ನುವವರಿದ್ದಾರೆ. ಕೊಡಬಹುದೇ?" ಮೂವರಿಗೂ ಕೊಡಬಾರದೆಂದೇ ಹೇಳಿದೆ. ಕಾರಣಗಳನ್ನು ಫೋನಿನಲ್ಲಿ ಪೂರ್ತಿಯಾಗಿ ವಿವರಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಈ ವ್ಯಾಪಾರದಲ್ಲಿಲ್ಲದ ಬಂಧುಗಳೂ ಓದಬೇಕೆಂದು ಕೋರುತ್ತೇನೆ; ಏಕೆಂದರೆ ಪರವೂರಿಗೆ ಹೋದಾಗ ನಾವೆಲ್ಲರೂ ಗಿರಾಕಿಗಳೇ.

ಗುಂಡ್ಲುಪೇಟೆ ದಾರಿಗಳು ಕವಲೊಡೆಯುವ ಊರು. ಮೈಸೂರಿನ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 766 ಇಲ್ಲಿಂದ ವಯನಾಡಿನತ್ತ ಸಾಗುತ್ತದೆ. ಹೆದ್ದಾರಿ 181 ಬಂಡೀಪುರದ ಮೂಲಕ ಗೂಡಲೂರು, ಊಟಿಗಳತ್ತ ಹೋಗುತ್ತದೆ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ತಡವಾಗಿ ಬಂದವರು ಇತ್ತಲೇ ತಂಗಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವವರು, ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರು ಬೇರೆ. ಇವರಲ್ಲಿ ಬಹುಪಾಲು ಜನ ಒಮ್ಮೆ ಬಂದು ಹೋಗುವವರು.

ಇಲ್ಲಿಯೇ ವಿಷಯದ ಗಂಟು ಇರುವುದು. ಚಾಮರಾಜನಗರದ ಅಂಗಡಿ ಬೀದಿಯ ವರ್ತಕ ಒಬ್ಬರಿಗೆ ತೂಕದಲ್ಲಿ ಮೋಸ ಮಾಡಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಗಾದೆ ಆ ವರ್ತಕನನ್ನು ಹದ್ದುಬಸ್ತಿನಲ್ಲಿಡುತ್ತದೆ. ಆದರೆ ಹೆದ್ದಾರಿಯ ಗಿರಾಕಿಗೆ ಊರೂ ಇಲ್ಲ, ಬೀದಿಯೂ ಇಲ್ಲ. ಬಸ್ಸು ನಿಂತ ಕಡೆ ತಣ್ಣಗಾದ ಇಡ್ಲಿಗೆ ಎರಡರಷ್ಟು ಬೆಲೆ ತೆತ್ತು, ಗೊಣಗುತ್ತ ಬಸ್ಸು ಹತ್ತಿದ ಅನುಭವ ನಿಮ್ಮೆಲ್ಲರಿಗೂ ಇದೆ. ಅವನ ದೂರು ಅವನೊಂದಿಗೇ ಘಾಟಿ ಇಳಿದು ಹೋಗುತ್ತಿತ್ತು. ಮರುದಿನದ ಬಸ್ಸಿನವನಿಗೆ ಅದೇ ಇಡ್ಲಿ ಕಾದಿರುತ್ತಿತ್ತು. ರಿವ್ಯೂ ಎಂಬುದು ಈ ಸ್ಥಿತಿಯನ್ನು ಬದಲಾಯಿಸಿತು. ಅದು ಒಬ್ಬ ಅಪರಿಚಿತ ಇನ್ನೊಬ್ಬ ಅಪರಿಚಿತನಿಗಾಗಿ ಬಿಟ್ಟುಹೋಗುವ ಎಚ್ಚರಿಕೆಯ ಮಾತು. ಹಣ ಕೊಟ್ಟು ಅದನ್ನು ತೆಗೆಸುವುದು, ರಸ್ತೆಯ ಹೊಂಡವನ್ನು ಹಾಗೆಯೇ ಬಿಟ್ಟು 'ಮುಂದೆ ಹೊಂಡವಿದೆ' ಎಂಬ ಫಲಕವನ್ನು ಕಿತ್ತೆಸೆದಂತೆ. ಮೋಸಹೋಗುವವನು ಬರೆದವನಲ್ಲ, ನಾಳೆ ಬರುವವನು.

ತೆಗೆಸಿಕೊಡುತ್ತೇವೆ ಎನ್ನುವವರು ಮಾಡುವುದಾದರೂ ಏನು? ಗೂಗಲ್ ಮ್ಯಾಪ್‌ನಲ್ಲಿ ಬಂದ ಅಭಿಪ್ರಾಯವನ್ನು ಮಾಲೀಕ ತಾನೇ ಅಳಿಸಲಾರ. ಬೈಗುಳ, ಜಾತಿನಿಂದೆ, ಖಾಸಗಿ ವಿವರ, ಸುಳ್ಳು ಖಾತೆ, ಸಂಬಂಧವಿಲ್ಲದ ಮಾತು ಇತ್ಯಾದಿ ನಿಯಮಭಂಗಗಳಿದ್ದರೆ ವರದಿ ಮಾಡಬಹುದು. ಒಪ್ಪದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ದಲ್ಲಾಳಿಯ ಅಗತ್ಯವೂ ಇಲ್ಲ. "ಸಾಂಬಾರು ಹಳಸಿತ್ತು" ಎಂದು ಗಿರಾಕಿ, "ಹಳಸಿರಲಿಲ್ಲ" ಎಂದು ಮಾಲೀಕ ವಾದಿಸಿದರೆ ಗೂಗಲ್ ಪಂಚಾಯಿತಿ ನಡೆಸುವುದಿಲ್ಲ. ಹಾಗಿರುವಾಗ ದಲ್ಲಾಳಿಗೆ ಉಳಿಯುವ ದಾರಿಗಳು ಮೂರು: ಹತ್ತಾರು ಖಾತೆಗಳಿಂದ ಸುಳ್ಳು ವರದಿ ಮಾಡಿಸುವುದು, ಬರೆದವನನ್ನು ಹೆದರಿಸುವುದು ಅಥವಾ ಆಮಿಷ ಒಡ್ಡುವುದು, ಇಲ್ಲವೇ ನೂರಾರು ನಕಲಿ ಐದು ಸ್ಟಾರ್‌ಗಳನ್ನು ಸುರಿದು ನಿಜವಾದ ಮಾತನ್ನು ಮುಳುಗಿಸುವುದು. ಮೂರೂ ವಂಚನೆಗಳೇ.

ಆ ನಕಲಿ ಸ್ಟಾರ್‌ಗಳು ಎಲ್ಲಿಂದ ಬರುತ್ತವೆ ಎಂದು ಯೋಚಿಸಿದ್ದೀರಾ? ಮನೆಯಲ್ಲೇ ಕುಳಿತು ಸಂಪಾದಿಸಿ, ಹೋಟೆಲುಗಳಿಗೆ ಐದು ಸ್ಟಾರ್ ಕೊಟ್ಟರೆ ಹಣ ಕೊಡುತ್ತೇವೆ ಎಂಬ ಸಂದೇಶ ನಮ್ಮ ಹಳ್ಳಿಗಳ ಓದಿದ ಹುಡುಗ ಹುಡುಗಿಯರ ಮೊಬೈಲುಗಳಿಗೂ ಬರುತ್ತದೆ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಕೈಸೇರುತ್ತದೆ. ನಂಬಿಕೆ ಹುಟ್ಟಿದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ಹೆಚ್ಚಿನ ಲಾಭಕ್ಕೆ ಮುಂಗಡ ಕಟ್ಟಿ ಎಂದು ಸಾವಿರ, ಲಕ್ಷಗಳನ್ನು ಕಿತ್ತುಕೊಳ್ಳುತ್ತಾರೆ. ಹೀಗೆ ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ಕರೆ ಮಾಡಬೇಕು. ಸ್ಟಾರ್ ಕೊಳ್ಳುವ ಮಾಲೀಕರಿರುವುದರಿಂದಲೇ ಇಂಥ ಆಮಿಷ ನಂಬಲರ್ಹವಾಗಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ.

ಕಾನೂನು ಏನೂ ಸುಮ್ಮನೆ ಕುಳಿತಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಲತಾಣಗಳ ಮೂಲಕ ಮಾರಾಟ ಮಾಡುವವನು ತಾನೇ ಗ್ರಾಹಕನೆಂದು ನಟಿಸಿ ಅಭಿಪ್ರಾಯ ಬರೆಯುವಂತಿಲ್ಲ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000:2022 ಎಂಬ ಮಾನದಂಡವನ್ನು ಹೊರತಂದು, ಅಭಿಪ್ರಾಯಗಳನ್ನು ಹೇಗೆ ಸಂಗ್ರಹಿಸಬೇಕು, ಪರಿಶೀಲಿಸಬೇಕು, ಪ್ರಕಟಿಸಬೇಕು ಎಂಬುದನ್ನು ಹೇಳಿತು. ಅದನ್ನು ಸ್ವಯಂಪ್ರೇರಿತವಾಗಿ ಪಾಲಿಸಬೇಕೆಂದಷ್ಟೇ ಬಿಟ್ಟದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ನಕಲಿ ರಿವ್ಯೂಗಳ ಕ್ರಯವಿಕ್ರಯವೂ, ಬೆದರಿಸಿ ಕೆಟ್ಟ ರಿವ್ಯೂ ಅಡಗಿಸುವುದೂ ದಂಡನಾರ್ಹವಾಗಿವೆ.

"ಮೇಷ್ಟ್ರೇ, ಗಿರಾಕಿಗಳೆಲ್ಲ ಹರಿಶ್ಚಂದ್ರರೇ?" ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಬಾಡಿಗೆ ಇಳಿಸದಿದ್ದರೆ ಒಂದೇ ಸ್ಟಾರ್ ಕೊಡುತ್ತೇನೆಂದು ಹೆದರಿಸುವವರಿದ್ದಾರೆ. ಒಳಗೆ ಕಾಲಿಡದೆಯೇ ಹೊಟ್ಟೆಕಿಚ್ಚಿಗೆ ಬರೆಯುವವರಿದ್ದಾರೆ. ಅಂಥವನ್ನು ಸಾಕ್ಷಿಸಹಿತ ವರದಿ ಮಾಡಿ. ಮಾನಹಾನಿಯಾಗುವಂಥ ಶುದ್ಧ ಸುಳ್ಳಾದರೆ ಭಾರತೀಯ ನ್ಯಾಯ ಸಂಹಿತೆಯ 356ನೆಯ ವಿಧಿ ಇದೆ. ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿಯಲ್ಲವೆಂದು ಅದೇ ವಿಧಿ ಹೇಳುತ್ತದೆ. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದಾಗ ಮಾತ್ರ ಜಾಲತಾಣಗಳು ಇತರರ ಬರಹವನ್ನು ತೆಗೆಯಲು ಬದ್ಧವೆಂದಿತು. ನೊಂದವನಿಗೂ ಬಾಗಿಲಿದೆ, ಕೋಪಬಂದವರೆಲ್ಲ ಇತರರ ಬಾಯಿ ಮುಚ್ಚಿಸಲೂ ಆಗದು. ಇದಕ್ಕಿಂತ ನ್ಯಾಯವಾದ ಏರ್ಪಾಡು ನನಗೆ ತೋಚದು.

ಉಳಿದ ದೂರುಗಳಿಗೆ ಮದ್ದು ಉತ್ತರ. ಹಿಂದೆ ಹಲವು ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ, ತೃಪ್ತಿಯಾದರೆ ಇತರರಿಗೆ ಹೇಳಿ, ಇಲ್ಲದಿದ್ದರೆ ನಮಗೆ ಹೇಳಿ ಎಂಬ ಬೋರ್ಡು ಇರುತ್ತಿತ್ತು. ಈಗ ಗಿರಾಕಿ ಇಬ್ಬರಿಗೂ ಒಟ್ಟಿಗೆ ಹೇಳುತ್ತಿದ್ದಾನೆ, ಅಷ್ಟೇ ವ್ಯತ್ಯಾಸ. "ಆ ದಿನ ಸೋಲಾರ್ ಕೆಟ್ಟು ಬಿಸಿನೀರು ಇರಲಿಲ್ಲ, ನಿಜ. ಮರುದಿನವೇ ರಿಪೇರಿ ಮಾಡಿಸಿದ್ದೇವೆ. ಕ್ಷಮಿಸಿ" ಎಂಬ ನಾಲ್ಕು ಸಾಲು, ನೂರು ಐದು ಸ್ಟಾರ್‌ಗಳಿಗಿಂತ ಓದುವವನಿಗೆ ಹೆಚ್ಚು ಭರವಸೆ ಕೊಡುತ್ತದೆ. ಆದರೆ ರಿಪೇರಿ ನಿಜವಾಗಿ ಆಗಿರಬೇಕು. ಇನ್ನೊಂದು ಮಾತು: ಒಂದು ಸ್ಟಾರ್ ಬಂತೆಂದು ಕಸ ಗುಡಿಸುವ ಹೆಂಗಸಿನ ದಿನಗೂಲಿ ಹಿಡಿಯುವುದು, ಅಡುಗೆಯವನನ್ನು ಓಡಿಸುವುದು ಪರಿಹಾರವಲ್ಲ. ಹನ್ನೆರಡು ಕೋಣೆಗೆ ಒಬ್ಬಳನ್ನಿಟ್ಟು ಹಾಸಿಗೆ ಕೊಳೆಯಾಗಿದೆ ಎಂಬ ದೂರಿಗೆ ಅವಳನ್ನು ಹೊಣೆ ಮಾಡುವುದು, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಕೆಟ್ಟ ಹೆಸರು ಹೊತ್ತು ಬಾಳುವುದು ಎಂಥದೆಂದು ನಮ್ಮ ಜಿಲ್ಲೆಯವರಿಗೆ ಇತರರು ಹೇಳಿಕೊಡಬೇಕಿಲ್ಲ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಅಪವಾದವನ್ನು ಈ ಊರು ದಶಕಗಳ ಕಾಲ ಹೊತ್ತಿತ್ತು. 1997ರಲ್ಲಿ ಜಿಲ್ಲಾಕೇಂದ್ರವಾದ ಮೇಲೂ ಅದು ಹೋಗಲಿಲ್ಲ. 2007ರಲ್ಲಿ ಬಂದ ಕುಮಾರಸ್ವಾಮಿಯವರು ಅದೇ ವರ್ಷ ಅಧಿಕಾರದಿಂದ ಇಳಿದಾಗ ಮೂಢನಂಬಿಕೆಗೆ ಇನ್ನಷ್ಟು ಬಲ ಬಂತು. ಇದಕ್ಕಿಂತ ಅನ್ಯಾಯದ ರಿವ್ಯೂ ಯಾವ ಹೋಟೆಲಿಗೆ ಬಂದೀತು? ಅದನ್ನು ಯಾವ ದಲ್ಲಾಳಿಯೂ ಅಳಿಸಲಿಲ್ಲ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದುಹೋಗಿ, 2018ರವರೆಗೆ ಐದು ವರ್ಷದ ಅವಧಿಯನ್ನು ಪೂರ್ಣಗೊಳಿಸಿದರು. ಅಪವಾದದ ಬಲ ಕುಗ್ಗಿದ್ದು ಆ ಕಣ್ಣೆದುರಿನ ಸಾಕ್ಷಿಯಿಂದ.

ಆದ್ದರಿಂದ ನನ್ನ ಮಕ್ಕಳೇ, ದಲ್ಲಾಳಿಗೆ ಕೊಡಬೇಕೆಂದಿದ್ದ ಹಣದಲ್ಲಿ ಹೊಸ ಹಾಸಿಗೆ ಕೊಳ್ಳಿರಿ, ನೀರಿನ ಟ್ಯಾಂಕು ತೊಳೆಸಿರಿ, ಕೆಲಸಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿರಿ. ಆಮೇಲೆ ಬಂದವರು ಏನು ಬರೆಯುತ್ತಾರೋ ಬರೆಯಲಿ. ನನ್ನ ಮಾತನ್ನು ಒಪ್ಪದವರು ದಯವಿಟ್ಟು ಬರೆದು ತಿಳಿಸಿ; ಓದಿ ಉತ್ತರಿಸುತ್ತೇನೆ.