ಆ್ಯಪ್‌ಗಳ ಆಟೋ ಅಪ್‌ಡೇಟ್: ಆನ್ ಇರಬೇಕೇ, ಆಫ್ ಮಾಡಬೇಕೇ?

ಡೇಟಾ ಖಾಲಿಯಾಗುತ್ತದೆ, ಸ್ಟೋರೇಜ್ ತುಂಬುತ್ತದೆ, ಚೆನ್ನಾಗಿದ್ದ ಆ್ಯಪ್ ಏಕಾಏಕಿ ರೂಪ ಬದಲಿಸುತ್ತದೆ. ಆಟೋ ಅಪ್‌ಡೇಟ್ ಆಫ್ ಮಾಡಿದವರು ಕೊಡುವ ಈ ಕಾರಣಗಳು ಸುಳ್ಳಲ್ಲ. ಆದರೆ ಯುಪಿಐ, ಬ್ಯಾಂಕ್ ಖಾತೆ, ದಾಖಲೆಗಳೆಲ್ಲ ಒಂದೇ ಫೋನ್‌ನಲ್ಲಿರುವಾಗ ಈ ಆಯ್ಕೆ ಭದ್ರತೆಯ ಪ್ರಶ್ನೆಯೂ ಹೌದು.

ಮಿಸ್ಡ್ ಕಾಲ್ ಕಲಿಸಿದ ಪಾಠ

2019ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ನ ಕಾಲಿಂಗ್ ವ್ಯವಸ್ಥೆಯಲ್ಲಿ ಲೋಪ ಪತ್ತೆಯಾಗಿತ್ತು. ಕರೆ ಸ್ವೀಕರಿಸದಿದ್ದರೂ ಪೆಗಾಸಸ್ ಗೂಢಚರ್ಯೆ ತಂತ್ರಾಂಶ ಫೋನ್ ಸೇರುತ್ತಿತ್ತು. ವಿವಿಧ ದೇಶಗಳ ಸುಮಾರು 1,400 ಮಂದಿಯನ್ನು ಗುರಿ ಮಾಡಲಾಗಿತ್ತು. ಅವರಲ್ಲಿ ಭಾರತದ ಪತ್ರಕರ್ತರು ಮತ್ತು ಸಾಮಾಜಿಕ ಕಾರ್ಯಕರ್ತರೂ ಇದ್ದರು. ಆ ಲೋಪಕ್ಕೆ ಪರಿಹಾರ ಬಂದಿದ್ದು ಅಪ್‌ಡೇಟ್ ಮೂಲಕವೇ.

ಅಪ್‌ಡೇಟ್ ಬಿಡುಗಡೆಯಾದ ಮೇಲೆ ತಡ ಮಾಡುವುದು ಇನ್ನೂ ಅಪಾಯ. ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಹೋಲಿಸಿ ನೋಡಿದರೆ ಲೋಪ ಎಲ್ಲಿತ್ತು ಎಂಬುದು ಹ್ಯಾಕರ್‌ಗಳಿಗೆ ತಿಳಿಯುತ್ತದೆ.

ಅಪ್‌ಡೇಟೇ ಮುಳುವಾದಾಗ

ಇನ್ನೊಂದು ಮುಖವೂ ಇದೆ. 1 ಕೋಟಿಗೂ ಹೆಚ್ಚು ಬಾರಿ ಇನ್‌ಸ್ಟಾಲ್ ಆಗಿದ್ದ 'ಬಾರ್‌ಕೋಡ್ ಸ್ಕ್ಯಾನರ್' ಎಂಬ ಆ್ಯಪ್, 2020ರ ಕೊನೆಯಲ್ಲಿ ಬಂದ ಅಪ್‌ಡೇಟ್ ಬಳಿಕ ತಾನಾಗಿಯೇ ಬ್ರೌಸರ್ ತೆರೆದು ಜಾಹೀರಾತು ತೋರಿಸತೊಡಗಿತು. ಪ್ಲೇ ಸ್ಟೋರ್‌ನಿಂದ ಅದನ್ನು ತೆಗೆದರೂ ಬಳಕೆದಾರರ ಫೋನ್‌ಗಳಲ್ಲಿ ಹಾಗೆಯೇ ಉಳಿಯಿತು.

2021ರ ಮಾರ್ಚ್‌ನಲ್ಲಿ ಗೂಗಲ್‌ನದೇ 'ವೆಬ್‌ವ್ಯೂ' ಅಪ್‌ಡೇಟ್‌ನಲ್ಲಿ ದೋಷವಿದ್ದು, ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಅದನ್ನು ಸರಿಪಡಿಸಿದ್ದೂ ಮತ್ತೊಂದು ಅಪ್‌ಡೇಟ್.

ಹಾಗಾದರೆ ಏನು ಮಾಡಬೇಕು?

ಈ ಮೂರೂ ಪ್ರಕರಣಗಳನ್ನು ಒಟ್ಟಿಗೆ ನೋಡಿದರೆ, ಎಲ್ಲ ಆ್ಯಪ್‌ಗಳಿಗೂ ಒಂದೇ ನಿಯಮ ಸಲ್ಲದು ಎಂಬುದು ಸ್ಪಷ್ಟ. ಬ್ಯಾಂಕಿಂಗ್, ಯುಪಿಐ, ಮೆಸೇಜಿಂಗ್ ಆ್ಯಪ್‌ಗಳು ಮತ್ತು ಬ್ರೌಸರ್‌ಗೆ ಆಟೋ ಅಪ್‌ಡೇಟ್ ಆನ್ ಇರಲೇಬೇಕು. ಎಂದೋ ಹಾಕಿಕೊಂಡು ಮರೆತ ಸ್ಕ್ಯಾನರ್, ಟಾರ್ಚ್, ಫೋಟೋ ಎಡಿಟರ್‌ಗಳಿಗೆ ಅಪ್‌ಡೇಟ್ ನಿಲ್ಲಿಸುವುದಕ್ಕಿಂತ ಅವನ್ನು ಅಳಿಸುವುದೇ ಮೇಲು. ಆ್ಯಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್‌ಗೆ ಆಟೋ ಅಪ್‌ಡೇಟ್ ನಿಲ್ಲಿಸಬೇಕಿದ್ದರೆ, ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿದರೆ ಆಯ್ಕೆ ಸಿಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಮೂಲಕ ಮಾತ್ರ' ಎಂದಿದ್ದು, ಮನೆಯಲ್ಲಿ ವೈಫೈ ಇಲ್ಲದಿದ್ದರೆ, ಆಟೋ ಅಪ್‌ಡೇಟ್ ಆನ್ ಇದ್ದೂ ಪ್ರಯೋಜನವಿಲ್ಲ. ಮೊಬೈಲ್ ಡೇಟಾವನ್ನೇ ನೆಚ್ಚಿಕೊಂಡವರು ವಾರಕ್ಕೊಮ್ಮೆಯಾದರೂ ಹಣಕಾಸಿನ ಆ್ಯಪ್‌ಗಳನ್ನು ತಾವೇ ಅಪ್‌ಡೇಟ್ ಮಾಡಿಕೊಳ್ಳುವುದು ಒಳಿತು. ಊರಲ್ಲಿರುವ ಅಪ್ಪ-ಅಮ್ಮನ ಫೋನ್‌ನಲ್ಲೂ ಇದನ್ನೊಮ್ಮೆ ಪರಿಶೀಲಿಸಿ.